ಎಡಗಡೆ ಚಕ್ರದ ಕೆಂಪು ಚುಕ್ಕೆ

ಮೊದಲು ಮಾಲು ನೋಡೋಣ. ಎತ್ತರ ಸಾಧಾರಣ. ಮೈಕಟ್ಟು ಬಿಗಿ, ಆದರೆ ಗೇರು ಹಾಕಿ ಹಾಕಿ ಎಡಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ ಇಳಿದಿದೆ. ತಲೆಯ ಮೇಲಿನ ಹೊದಿಕೆ ಅರ್ಧ ಹೋಗಿದೆ, ಉಳಿದರ್ಧ ಬೆಳ್ಳಗಾಗಿದೆ. ಮುಂದಿನ ಎರಡು ಹಲ್ಲು ನಾಪತ್ತೆ. ನಗುವ ಅಭ್ಯಾಸ ಕಡಿಮೆಯಾದ್ದರಿಂದ ಗಿರಾಕಿಗೆ ಅದು ತಕ್ಷಣ ಗೊತ್ತಾಗುವುದಿಲ್ಲ. ಕೈಗಳು ಎರಡೂ ಕಂಪನಿಯಿಂದ ಬಂದವೇ, ರಿಪೇರಿ ಆಗಿಲ್ಲ. ಓಡಿದ್ದು ಬಹಳ, ಆದರೆ ಒಂದೇ ಓನರ್ ಕೈಯಲ್ಲಿ. ಓನರಮ್ಮನ ಕೈಯಲ್ಲಿ ಅನ್ನಬೇಕು. ಹೊರಗೆ ತುಕ್ಕು, ಒಳಗೆ ಸದ್ದಿಲ್ಲ. ಹಳೆ ಗಾಡಿ ಬಿಚ್ಚಿ ಬಿಡಿಭಾಗ ಮಾರುವವನು ನಾನು. ಇಂಥ ಮಾಲು ಅಂಗಳಕ್ಕೆ ಬಂದರೆ ಬಿಚ್ಚುವುದಿಲ್ಲ, ಇಡಿಯಾಗಿ ಇಟ್ಟುಕೊಳ್ಳುತ್ತೇನೆ.

ಊರು ಅವನನ್ನು ತಾಳಣ್ಣ ಎಂದು ಕರೆಯುತ್ತದೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಅದು ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿದೆ. ಏನೇ ಕೇಳಿ, ಅವನ ಮೊದಲ ಮಾತು "ತಾಳು". ಊಟ ಆಯ್ತಾ ಅಂದರೂ ತಾಳು, ಎಷ್ಟಕ್ಕೆ ಕೊಡಲಿ ಅಂದರೂ ತಾಳು. ನನ್ನ ಅಂಗಡಿಗೆ ಬಂದು ಒಂದು ಬೇರಿಂಗು ಎತ್ತಿಕೊಳ್ಳುತ್ತಾನೆ, ಕಿವಿಯ ಹತ್ತಿರ ಹಿಡಿದು ಬೆರಳಿನಲ್ಲಿ ತಿರುಗಿಸುತ್ತಾನೆ, ಇದ್ದ ಜಾಗದಲ್ಲೇ ಇಡುತ್ತಾನೆ. ಆಮೇಲೆ "ತಾಳು" ಎಂದು ಹೊರಗೆ ಹೋಗಿ ಆಕಾಶ ನೋಡುತ್ತಾ ನಿಲ್ಲುತ್ತಾನೆ. ಅವನು ಆಕಾಶ ನೋಡಿದಷ್ಟು ಹೊತ್ತೂ ನನ್ನ ಬಾಯಿ ನನಗೇ ಅರಿವಿಲ್ಲದೆ ಬೆಲೆ ಇಳಿಸುತ್ತಿರುತ್ತದೆ. ಬಾಯಿ ಮಾಡಿ ಚೌಕಾಸಿ ಮಾಡುವವರಿಗೆ ನಾನು ಮಣ್ಣು ಮುಕ್ಕಿಸಿದ್ದೇನೆ. ಆಕಾಶ ನೋಡುವವನ ಮುಂದೆ ಒಂದು ಸಲವೂ ಗೆದ್ದಿಲ್ಲ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಮೊದಲ ದಿನವೇ ಅವಳು ನನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತು ಒಳಗಿನ ರಾಶಿಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಏನಪ್ಪಾ ಗುಜರಿ ಮೈದುನ, ಇದರಲ್ಲಿ ನೀನೆಲ್ಲಿದ್ದೀಯ ಅಂತ ಹುಡುಕ್ತಾ ಇದ್ದೆ" ಅಂದಳು. ಅಲ್ಲಿಗೆ ನೆಂಟಸ್ತಿಕೆ ಕುದುರಿಹೋಯಿತು; ಬಿಡಿಸಿಕೊಳ್ಳುವ ದಾರಿ ನನಗೆ ಸಿಗಲಿಲ್ಲ, ಹುಡುಕಲೂ ಇಲ್ಲ.

ಇಬ್ಬರಿಗೂ ಸೇರಿ ಒಂದು ಲಾರಿ. ಮಿಲಿಟರಿ ಹರಾಜಿನಲ್ಲಿ ಬಂದದ್ದು, ಮೊಂಡು ಮೂತಿ, ನಾಲ್ಕೂ ಚಕ್ರ ಎಳೆಯುವಂಥದು. ಊರಿನ ಡಾಂಬರು ಮುಗಿದ ಮೇಲೆ ಗುಡ್ಡದ ನೆತ್ತಿಯಲ್ಲಿ ಒಂದಷ್ಟು ಮನೆಗಳಿವೆ, ಅವರ ಮನೆಯೂ ಅಲ್ಲೇ. ಆ ನೆತ್ತಿಗೆ ಸಿಮೆಂಟು, ಗ್ಯಾಸ್ ಸಿಲಿಂಡರು, ಹಿಟ್ಟಿನ ಮೂಟೆ, ಬಟ್ಟೆಯ ಬೀರು, ಏನು ಹತ್ತಿದರೂ ಈ ಲಾರಿಯಲ್ಲೇ ಹತ್ತಬೇಕು. ಮೂವತ್ತು ವರ್ಷ ಅವನು ಓಡಿಸಿದ, ಅವಳು ಪಕ್ಕದಲ್ಲಿ ಕೂತು ಲೋಡು ಎಣಿಸಿದಳು, ಹಗ್ಗ ಬಿಗಿದಳು, ಗಿರಾಕಿಗಳ ಜೊತೆ ಜಗಳವಾಡಿದಳು. ಲಾರಿಯನ್ನು ಸವತಿ ಅನ್ನುತ್ತಿದ್ದಳು. "ಸವತಿಗೆ ಎಣ್ಣೆ ಆಯ್ತು, ನೀರಾಯ್ತು, ಮೈ ಒರೆಸಿದ್ದೂ ಆಯ್ತು. ಇನ್ನು ನನ್ನ ಕಡೆ ತಿರುಗ್ತೀರಾ ಹೇಗೆ?"

"ತಾಳು" ಅನ್ನುತ್ತಿದ್ದ ಅವನು, ಲಾರಿಯ ಅಡಿಯಿಂದ.

ಗುಡ್ಡದ ದಾರಿಯ ಅರ್ಧದಲ್ಲಿ ಒಂದು ತಗ್ಗು ಇದೆ. ಎರಡೂ ಕಡೆ ಕೆಂಪು ಜೇಡಿಮಣ್ಣಿನ ದಡ. ಮೇಲಿನಿಂದ ಬಂದರೂ ಕೆಳಗಿನಿಂದ ಬಂದರೂ ತಗ್ಗಿಗೆ ಇಳಿದು ಆಚೆ ದಡ ಹತ್ತಲೇಬೇಕು. ಇಂಥ ಹಳೆ ಗಾಡಿಗಳಲ್ಲಿ ಮುಂದಿನ ಚಕ್ರಗಳು ತಾವಾಗಿ ಎಂಜಿನ್ನಿನ ಮಾತು ಕೇಳುವುದಿಲ್ಲ. ಚಕ್ರದ ನಟ್ಟನಡುವೆ ಹಬ್ ಇರುತ್ತದೆ, ಅದರ ಮುಖದಲ್ಲಿ ಕೈಯಿಂದ ತಿರುಗಿಸುವ ಒಂದು ಬಿಲ್ಲೆ. ತಿರುಗಿಸಿದರೆ ಚಕ್ರಕ್ಕೂ ಆಕ್ಸಲ್ಲಿಗೂ, ಅಂದರೆ ಅಚ್ಚಿಗೂ, ಗಂಟು ಬೀಳುತ್ತದೆ, ಬಿಡಿಸಿದರೆ ಚಕ್ರ ತನ್ನ ಪಾಡಿಗೆ ಉರುಳಿಕೊಂಡಿರುತ್ತದೆ. ಎರಡೂ ಕಡೆ ಗಂಟು ಬೀಳಬೇಕು. ಒಂದೇ ಕಡೆ ಬಿದ್ದರೆ ಶಕ್ತಿಯೆಲ್ಲ ಬಿಟ್ಟುಹೋದ ಕಡೆಗೆ ಹರಿದು, ಎರಡು ಚಕ್ರವೂ ದಂಡ.

ಆದ್ದರಿಂದ ತಗ್ಗಿನಲ್ಲಿ, ವಾಲಿದ ಲೈಟು ಕಂಬದ ಹತ್ತಿರ, ಲಾರಿ ನಿಲ್ಲುತ್ತಿತ್ತು. ಎರಡು ಬಾಗಿಲೂ ಒಟ್ಟಿಗೆ ತೆರೆಯುತ್ತಿದ್ದವು. ಅವನು ಬಲಗಡೆಯದು, ಅವಳು ಎಡಗಡೆಯದು. ಮಧ್ಯೆ ಬಾನೆಟ್ಟು, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

"ಬಿತ್ತಾ?" ಅನ್ನುತ್ತಿದ್ದ ಅವನು.

"ಬಿತ್ತು!" ಅನ್ನುತ್ತಿದ್ದಳು ಅವಳು.

ಮೊದಲ ಸಲ ಅವರ ಜೊತೆ ಹೋದಾಗ ನಾನು ಏನು ಬಿತ್ತೋ ಎಂದು ನೆಲವೆಲ್ಲ ಹುಡುಕಿದ್ದೆ. ಅದನ್ನು ಹೇಳಿಕೊಂಡು ಅತ್ತಿಗೆ ವರ್ಷಗಟ್ಟಲೆ ನಕ್ಕಳು.

ಲಾಕು ಬಿದ್ದ ಮೇಲೆ ಅವನು ಹತ್ತಿ ಗಾಡಿ ಎಬ್ಬಿಸುತ್ತಿದ್ದ. ಅವಳು ಹತ್ತುತ್ತಿರಲಿಲ್ಲ. ಸೀಟಿನ ಕೆಳಗಿನಿಂದ ಒಂದು ಮರದ ತುಂಡು ಎಳೆದುಕೊಂಡು ಲಾರಿಯ ಹಿಂದೆ ನಡೆಯುತ್ತಿದ್ದಳು. ದಡದ ಮೇಲ್ಭಾಗದಲ್ಲಿ, ಎಂಜಿನ್ನು ಒಂದು ಉಸಿರು ಎಳೆದುಕೊಳ್ಳುವ ಜಾಗದಲ್ಲಿ, ತುಂಡನ್ನು ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತಿದ್ದಳು. ಲಾರಿ ಅದರ ಮೇಲೆ ಬೆನ್ನು ಕೊಟ್ಟು, ಸುಧಾರಿಸಿಕೊಂಡು, ಮತ್ತೆ ಹತ್ತುತ್ತಿತ್ತು. ಮೇಲೆ ತಲುಪಿದ ಮೇಲೆ ಕೆಸರು ಕಾಲಲ್ಲೇ ಬಂದು ಕೂರುತ್ತಿದ್ದಳು. ಇದಕ್ಕೆ ಅವರಿಬ್ಬರ ನಡುವೆ ಮಾತೇ ಇರಲಿಲ್ಲ. ಬಿತ್ತಾ, ಬಿತ್ತು, ಅಷ್ಟೇ. ಉಳಿದದ್ದು ಕಾಲಿಗೆ ಗೊತ್ತಿತ್ತು.

ಹೋದ ವರ್ಷ ಅತ್ತಿಗೆಯ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಊರಿಗೆ ಇಳಿದು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಬೇಕು. ಒಂದು ಸರದಿ ತಪ್ಪಿದರೆ ಕಾಲು ಊದಿಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಊರಲ್ಲೇ ಒಂದು ಕೋಣೆ ನೋಡಿಕೊಡುತ್ತೇನೆ ಅಂದೆ. ಅತ್ತಿಗೆ ಒಪ್ಪಲಿಲ್ಲ. "ನಿಮ್ಮೂರಲ್ಲಿ ಕಿಟಕಿ ತೆಗೆದ್ರೆ ಇನ್ನೊಬ್ಬರ ಕಿಟಕಿ ಕಾಣುತ್ತೆ ಮೈದುನ. ಸಾಯೋಕೆ ಮುಂಚೆ ಅವರ ಮನೆ ಸಾರಿನ ವಿಷಯವೆಲ್ಲ ನನಗ್ಯಾಕೆ?"

ಹಾಗೆ ಎಲ್ಲಾ ಭಾರ ಲಾರಿಯ ಮೇಲೆ ಬಿತ್ತು. ಅದೇ ಹೊತ್ತಿಗೆ ಲಾರಿಯ ಮುಂದಿನ ಆಕ್ಸಲ್ ಕೈಕೊಟ್ಟಿತು. ತಗ್ಗಿನ ಬಂಡೆಗೆ ಬಡಿದು ಅದರ ಹೊರಕವಚ, ಹೌಸಿಂಗು, ಬಗ್ಗಿತ್ತು, ಎಡಗಡೆಯ ತುದಿಯಲ್ಲಿ ಬಿರುಕು, ಎಣ್ಣೆ ಚಕ್ರದ ಮೇಲೆಲ್ಲ ಸೋರುತ್ತಿತ್ತು. ಬೇಸಿಗೆಯಲ್ಲಾದರೆ ಹಿಂದಿನ ಎರಡು ಚಕ್ರದಲ್ಲೇ ಹೇಗೋ ತೆವಳಬಹುದು. ಮಳೆ ಬಿದ್ದರೆ ಆ ಜೇಡಿಮಣ್ಣನ್ನು ಎರಡು ಚಕ್ರ ಹತ್ತುವುದಿಲ್ಲ. ಹತ್ತದಿದ್ದರೆ ಆಸ್ಪತ್ರೆ ಇಲ್ಲ. ಮೋಡ ಆಗಲೇ ಗುಡ್ಡದ ಮೇಲೆ ಕೂತಿತ್ತು.

ತಾಳಣ್ಣ ಲಾರಿಯನ್ನು ನನ್ನ ಅಂಗಳಕ್ಕೆ ತಂದು ನಿಲ್ಲಿಸಿದ. ಆ ದಿನ ಅವನು ಆಕಾಶ ನೋಡಲಿಲ್ಲ. "ಸಾಹುಕಾರ, ಇದೇ ಜಾತಿಯ ಆಕ್ಸಲ್ ಒಂದು ಇದೆಯಲ್ಲ ನಿನ್ನ ಹತ್ರ, ಮೂಲೆಯಲ್ಲಿ. ಬೇಕು" ಅಂದ. ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಕೇಳಿ ನನಗೆ ಭಯವಾಯಿತು. ವ್ಯಾಪಾರಿ ಅದಕ್ಕೇ ಕಾಯಬೇಕು. ಅವಸರದಲ್ಲಿರುವ ಗಿರಾಕಿಗಿಂತ ಒಳ್ಳೆ ಗಿರಾಕಿ ಇಲ್ಲ. ಆ ದಿನ ನನ್ನೊಳಗಿನ ವ್ಯಾಪಾರಿ ರಜೆ ಹಾಕಿದ.

ಮೂಲೆಯ ಆಕ್ಸಲ್ ಅದೇ ಮಾದರಿಯ ಆದರೆ ಆಮೇಲಿನ ಕಾಲದ ಗಾಡಿಯದು, ಎಳೆ ಪ್ರಾಯದಲ್ಲೇ ಮಗುಚಿ ಸತ್ತದ್ದು. ತಾಳಣ್ಣ ಮೊದಲು ಅದರ ಗೇರಿನ ಹಲ್ಲು ನೋಡಿದ. ಮುಂದಿನ ಆಕ್ಸಲ್ಲಿನೊಳಗಿನ ಹಲ್ಲಿನ ಲೆಕ್ಕ ಹಿಂದಿನದಕ್ಕೆ ತಾಳೆಯಾಗಬೇಕು, ಇಲ್ಲದಿದ್ದರೆ ಮುಂದಿನ ಚಕ್ರ ಒಂದು ವೇಗದಲ್ಲಿ ಹೋಗುತ್ತೇನೆ ಅನ್ನುತ್ತದೆ, ಹಿಂದಿನದು ಇನ್ನೊಂದರಲ್ಲಿ, ಮಧ್ಯೆ ಇರುವುದೆಲ್ಲ ಮುರಿಯುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೈಯಲ್ಲಿ ಸುತ್ತಿಸಿ ನೋಡಿದ. ತಾಳೆಯಾಯಿತು.

ಅತ್ತಿಗೆ ಹಳೆ ಟೈರೊಂದರ ಮೇಲೆ ಕೂತಿದ್ದಳು, ಮೊಣಕೈಯ ಬ್ಯಾಂಡೇಜಿನ ಮೇಲೆ ಸೆರಗು ಎಳೆದುಕೊಂಡು. "ಮನೆಯಲ್ಲೂ ಹೀಗೇ ಗುರುತು ಹಾಕಿ ನೋಡಿದ್ರೆ ಮದುವೇನೇ ಆಗ್ತಿರಲಿಲ್ಲ" ಅಂದಳು.

"ತಾಳು" ಅಂದ ತಾಳಣ್ಣ. ಅವನು ಬಗ್ಗಿ ಹಬ್‌ಗಳನ್ನು ನೋಡುತ್ತಿದ್ದ. ಈ ಆಕ್ಸಲ್ಲಿನ ಹಬ್‌ಗಳಿಗೆ ಬಿಲ್ಲೆ ಇರಲಿಲ್ಲ. ನುಣ್ಣನೆ ಕಬ್ಬಿಣದ ಮುಚ್ಚಳ ಅಷ್ಟೇ.

"ಅದು ತಾನಾಗಿ ಬೀಳೋದು ಅಣ್ಣಾ" ಅಂದೆ. "ಒಳಗೆ ಲಿವರ್ ಎಳೆದು ಮುಂದಕ್ಕೆ ಹೋದ್ರೆ ಸಾಕು, ಲಾಕ್ ಆಗುತ್ತೆ. ಯಾರೂ ಇಳಿಯೋದು ಬೇಡ."

ಅವನು ಹೆಂಡತಿಯ ಕಡೆ ತಿರುಗಿದ. ಅವಳ ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಇಳಿದಿತ್ತು. ಆ ಪಾದಗಳನ್ನೇ ನೋಡಿದ.

"ಇದನ್ನೇ ಇಟ್ಕೊಳ್ತೀನಿ."

"ಅಣ್ಣಾ, ನಿನಗೆ ಗೊತ್ತಿಲ್ದೆ ಇರೋದಲ್ಲ. ಇದು ಹಿಂದಕ್ಕೆ ಉರುಳಿದ್ರೆ ಒಂದು ಗಳಿಗೆ ಕೈಬಿಡುತ್ತೆ. ಮತ್ತೆ ಮುಂದಕ್ಕೆ ಹೋಗುವಾಗ ಹಿಡಿಯುತ್ತೆ. ಮನಸ್ಸಿಲ್ಲದಿದ್ರೆ ಹಿಡಿಯೋದೂ ಇಲ್ಲ. ಹಳೇ ಹಬ್ ಇದಕ್ಕೂ ಕೂರುತ್ತೆ, ಹಾಕ್ಕೋ."

"ನಾನು ಯಾವತ್ತು ಹಿಂದಕ್ಕೆ ಉರುಳಿದ್ದೀನಿ?" ಅಂದ ತಾಳಣ್ಣ.

ನಿಜವೇ. ಮೂವತ್ತು ವರ್ಷದಲ್ಲಿ ಆ ದಡದಲ್ಲಿ ಅವನ ಲಾರಿ ಒಂದು ಗೇಣು ಹಿಂದೆ ಬಂದದ್ದಿಲ್ಲ. ಊರೆಲ್ಲ ಅದನ್ನು ಹೇಳುತ್ತಿತ್ತು, ನಾನೂ ಹೇಳುತ್ತಿದ್ದೆ. ನಾನು ಒಪ್ಪಿಕೊಂಡೆ. ಅತ್ತಿಗೆ ಮಾತ್ರ ಒಪ್ಪಲಿಲ್ಲ.

"ನನ್ನ ಕೆಲಸ ಕಿತ್ಕೊಳ್ತೀರಾ?"

"ನೀನು ಕೂತಿರು ಇವಳೇ. ಇನ್ಮೇಲೆ ಇಳಿಯೋದು ಬೇಡ."

"ಮೂವತ್ತು ವರ್ಷ ಕೆಸರಲ್ಲಿ ಇಳಿಸಿ ಈಗ ರಾಣಿ ಮಾಡ್ತಾರಂತೆ. ಕೇಳಿದ್ಯಾ ಮೈದುನ?"

"ರಾಣಿ ಆಗು ಅತ್ತಿಗೆ, ಸಿಂಹಾಸನಕ್ಕೆ ನನ್ನ ಹತ್ರ ಒಳ್ಳೆ ಸೀಟು ಇದೆ" ಅಂದೆ. ಅವಳು ನಕ್ಕಳು. ನಗುವಾಗ ಎದೆ ಹಿಡಿದುಕೊಂಡಳು.

ಕೆಲಸ ನನ್ನ ಶೆಡ್ಡಿನಲ್ಲೇ ನಡೆಯಿತು. ಮೂತಿಯನ್ನು ಜಾಕಿನಲ್ಲಿ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ. ಚಕ್ರ ತೆಗೆದ. ಬ್ರೇಕ್ ಪೈಪುಗಳನ್ನು ಬಿಚ್ಚಿ ತುದಿಗೆ ಚಿಂದಿ ಕಟ್ಟಿದ, ಸ್ಟೀರಿಂಗಿನ ಸರಳು ಬಿಡಿಸಿದ. ಕಮಾನು ಪಟ್ಟಿಗೆ ಆಕ್ಸಲ್ಲನ್ನು ಬಿಗಿದಿದ್ದ ಬೋಲ್ಟುಗಳು ತುಕ್ಕು ಹಿಡಿದು ಹಟ ಮಾಡಿದವು. ಬೆಂಕಿ ಕೊಟ್ಟು ಕೆಂಪಗೆ ಮಾಡಿ ಬಿಚ್ಚಿದ. ನನ್ನ ಅಂಗಡಿಯಲ್ಲಿ ನನ್ನನ್ನೇ ಕೂಲಿಯವನನ್ನಾಗಿ ಮಾಡಿಕೊಂಡ. ಆ ಪಾನಾ ಕೊಡು, ಅಲ್ಲ ಅದರ ಅಣ್ಣ, ಇಲ್ಲಿ ಹಿಡಿ, ಬಿಡಬೇಡ. ಬಿಟ್ಟೆ. ಮೊಣಕಾಲಿನ ಚರ್ಮ ಹೋಯಿತು. ಅತ್ತಿಗೆ ಟೈರಿನ ಮೇಲಿಂದಲೇ, "ರಾಶಿಗೆ ಇನ್ನೊಂದು ಬಿಡಿಭಾಗ ಬಂತು" ಅಂದಳು.

ಹಳೇ ಆಕ್ಸಲ್ ನೆಲಕ್ಕೆ ಇಳಿದಾಗ ಅದರ ಎರಡು ಹಬ್‌ಗಳನ್ನು ನಾನು ಹತ್ತಿರದಿಂದ ನೋಡಿದೆ. ಬಲಗಡೆಯದರಲ್ಲಿ ಲಾಕ್, ಫ್ರೀ ಎಂದು ಕೊರೆದ ಅಕ್ಷರಗಳೆಲ್ಲ ಸವೆದು ಹೋಗಿದ್ದವು. ಎಡಗಡೆಯದರಲ್ಲೂ ಸವೆದಿದ್ದವು, ಆದರೆ ಲಾಕ್ ಆಗುವ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಇತ್ತು. ಹೊಳೆಯುವ ಕೆಂಪು. ಪೇಂಟಲ್ಲ.

"ಇದೇನು ಅತ್ತಿಗೆ?"

"ಉಗುರುಬಣ್ಣ. ಮದುವೆ ಹೊಸದರಲ್ಲಿ ಇವರು ತಂದ್ಕೊಟ್ಟಿದ್ರು. ಗ್ರೀಸಲ್ಲಿ ಅದ್ದೋ ಉಗುರಿಗೆ ಯಾಕೆ ಅಂತ ಸವತಿಗೆ ಹಚ್ಚಿದೆ. ಅಳಿಸಿ ಹೋದಾಗೆಲ್ಲ ಮತ್ತೆ ಹಚ್ತೀನಿ. ಬಾಟಲಿ ಎಷ್ಟೋ ಆಗಿವೆ. ಪ್ರತಿ ಸಲವೂ ಇವರೇ ತರ್ತಾರೆ, ಕೇಳೋದೇ ಇಲ್ಲ."

ತಾಳಣ್ಣ ಲಾರಿಯ ಅಡಿಯಲ್ಲಿದ್ದ. ಅವನ ಪಾನಾದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ನಮ್ಮ ವ್ಯಾಪಾರದ ಪದ್ಧತಿ ಏನೆಂದರೆ, ಒಂದು ಆಕ್ಸಲ್ ಕೊಂಡವನು ತನ್ನ ಹಳೆಯದನ್ನು ಅಂಗಡಿಗೇ ಬಿಟ್ಟು ಹೋಗಬೇಕು. ಬಗ್ಗಿದ ಹೌಸಿಂಗು ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಕೈಯಲ್ಲಿ ತಿರುಗಿಸುವ ಹಬ್‌ಗಳಿಗೆ ಮಾತ್ರ ಬೇರೆಯೇ ಗಿರಾಕಿಗಳಿದ್ದಾರೆ. ತಾಳಣ್ಣ ಎರಡು ಹಬ್‌ಗಳನ್ನೂ ಬಿಚ್ಚಿ ಒರೆಸಿ ನನ್ನ ಮೇಜಿನ ಮೇಲಿಟ್ಟ. ಅತ್ತಿಗೆ ಎಡಗಡೆಯದರ ಮೇಲೆ ಕೈಯಿಟ್ಟು ನಿಂತಳು.

"ಬೇಕಿದ್ರೆ ಅದೊಂದನ್ನ ಇಟ್ಕೋ ಅತ್ತಿಗೆ."

"ಬೇಡ. ಜೋಡಿ ಒಡೆದ್ರೆ ನಿನ್ನ ವ್ಯಾಪಾರ ಕೆಡುತ್ತೆ ಮೈದುನ."

ಕೊನೆಯ ಕೆಲಸ ಅವಳದೇ. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಲು ಒಬ್ಬರು ಮೇಲೆ ಕೂತು ಪೆಡಲು ತುಳಿಯಬೇಕು. ನಾನು ಹತ್ತಲು ಹೋದರೆ ಅವಳು ಬಿಡಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಊದಿದ ಪಾದದಲ್ಲಿ ತುಳಿದಳು.

"ತುಳಿ."

"ತುಳಿದೆ."

"ಹಿಡ್ಕೋ. ಬಿಡು."

"ಬಿಟ್ಟೆ."

ಹೀಗೆ ಸಂಜೆಯವರೆಗೆ. ಆಮೇಲೆ ಅಂಗಳದಲ್ಲಿ ಒಂದು ಸುತ್ತು ಹೊಡೆದು ನೋಡಿದರು. ತಾಳಣ್ಣ ಲಿವರ್ ಎಳೆದ, ಗಾಡಿ ಮುಂದಕ್ಕೆ ಸರಿಯಿತು, ಚಕ್ರದೊಳಗೆ ಎಲ್ಲೋ ಟಕ್ ಎಂದಿತು. ಹಿಡಿಯಿತು. ನಾನು ಚಪ್ಪಾಳೆ ತಟ್ಟಿದೆ. ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಡಗಡೆಯ ಚಕ್ರ ನೋಡಿದಳು.

"ಯಾರೂ ಕೇಳ್ಲಿಲ್ಲ, ಯಾರೂ ಹೇಳ್ಲಿಲ್ಲ, ಬಿದ್ದೇಹೋಯ್ತು" ಅಂದಳು.

ಮಳೆ ಹಿಡಿಯಿತು. ಮೊದಲ ಒಂದೆರಡು ಸಲ ಏನೂ ತೊಂದರೆಯಾಗಲಿಲ್ಲ. ಮಣ್ಣು ಇನ್ನೂ ಪೂರ್ತಿ ನೆನೆದಿರಲಿಲ್ಲ, ಲಾರಿ ಒಂದೇ ಉಸಿರಿಗೆ ಹತ್ತಿಬಿಟ್ಟಿತು. ಅತ್ತಿಗೆ ಆಸ್ಪತ್ರೆಯಿಂದ ನನ್ನ ಅಂಗಡಿಗೆ ಬಂದು, ಚಪ್ಪಲಿಗೆ ಕೆಸರಿಲ್ಲ ನೋಡು ಎಂದು ಕಾಲೆತ್ತಿ ತೋರಿಸಿ ಹೋದಳು.

ಆಮೇಲೆ ನಡೆದದ್ದನ್ನು ನಾನು ನೋಡಿಲ್ಲ. ತಾಳಣ್ಣ ಒಂದೇ ಸಲ ಹೇಳಿದ, ನನ್ನ ಶೆಡ್ಡಿನಲ್ಲಿ ಕೂತು, ಖಾಲಿ ಕೈಗಳನ್ನು ನೋಡಿಕೊಳ್ಳುತ್ತಾ.

ರಾತ್ರಿಯೆಲ್ಲ ಸುರಿದಿತ್ತು. ಬೆಳಿಗ್ಗೆ ಆಸ್ಪತ್ರೆಗೆ ಹೊರಟರು. ತಗ್ಗು ಇಳಿದು ಆಚೆ ದಡ ಹತ್ತತೊಡಗಿದರು. ದಡದ ಮೇಲ್ಭಾಗದಲ್ಲಿ, ಎಂಜಿನ್ನು ಉಸಿರು ಎಳೆದುಕೊಳ್ಳುವ ಆ ಜಾಗದಲ್ಲಿ, ತಾಳಣ್ಣನ ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿ ಸಡಿಲವಾಯಿತು. ಮೂವತ್ತು ವರ್ಷದಿಂದ ಅಲ್ಲಿ ಸಡಿಲ ಮಾಡುತ್ತಲೇ ಬಂದವನು. ಸಡಿಲ ಮಾಡಿದರೆ ಲಾರಿ ಹಿಂದಿನ ಮರದ ತುಂಡಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ ಎಂದು ಆ ಕಾಲಿಗೆ ಗೊತ್ತಿತ್ತು. ತುಂಡು ಸೀಟಿನ ಕೆಳಗಿತ್ತು. ತುಂಡು ಇಡುವವಳು ಪಕ್ಕದಲ್ಲಿ ಕೂತಿದ್ದಳು, ಒಣಗಿದ ಚಪ್ಪಲಿಯಲ್ಲಿ. ಕೂತಿರು ಎಂದವನು ಅವನೇ.

ಲಾರಿ ಒಂದು ಮೊಳ ಹಿಂದಕ್ಕೆ ಉರುಳಿತು. ಹಬ್‌ಗಳು ಕೈಬಿಟ್ಟವು. ಅವನು ಮತ್ತೆ ಮುಂದಕ್ಕೆ ಎಳೆದಾಗ ಬಲಗಡೆಯದು ಹಿಡಿಯಿತು, ಎಡಗಡೆಯದು ಹಿಡಿಯಲಿಲ್ಲ. ಹಿಂದಿನ ಚಕ್ರಗಳು ಸುತ್ತಿ ಸುತ್ತಿ ಗುಂಡಿ ತೋಡಿದವು, ಲಾರಿ ಅಡ್ಡ ಜಾರಿ ಚರಂಡಿಗೆ ಒರಗಿತು.

"ತಾಳಿ, ನಾನು ಹಾಕ್ತೀನಿ" ಅಂದಳಂತೆ ಅತ್ತಿಗೆ.

ಅವನು ಬೇಡ ಅನ್ನುವಷ್ಟರಲ್ಲಿ ಬಾಗಿಲು ತೆರೆದು ಇಳಿದುಬಿಟ್ಟಿದ್ದಳು. ಮಡ್‌ಗಾರ್ಡು ಹಿಡಿದುಕೊಂಡು ಕೆಸರಲ್ಲಿ ಕುಕ್ಕರಿಸಿದಳು. ಅವನು ಸ್ಟೀರಿಂಗು ಬಿಡುವ ಹಾಗಿರಲಿಲ್ಲ. ಬ್ರೇಕಿನಿಂದ ಕಾಲು ತೆಗೆದರೆ ಲಾರಿ ಅವಳ ಮೇಲೆ ಜಾರುತ್ತಿತ್ತು. ಬಾನೆಟ್ಟಿನ ಆಚೆಯಿಂದ ಅವಳ ಮಾತು ಮಾತ್ರ ಕೇಳಿತು.

"ರೀ, ಇಲ್ಲಿ ಏನೂ ಇಲ್ಲವಲ್ರೀ."

ನುಣ್ಣನೆ ಮುಚ್ಚಳದ ಮೇಲೆ ಕೈಯಾಡಿಸುತ್ತಿದ್ದಳು. ಸುತ್ತ ಆಡಿಸಿದಳು, ಮತ್ತೆ ಆಡಿಸಿದಳು, ಕೆಸರು ಒರೆಸಿ ನೋಡಿದಳು. ಬಿಲ್ಲೆ ಇರಲಿಲ್ಲ. "ನನ್ನ ಚುಕ್ಕೆ ಎಲ್ರೀ?" ಅಂದಳಂತೆ. ಆಗ ಅವಳಿಗೆ ನೆನಪಾಯಿತೋ ಏನೋ, ಮಡ್‌ಗಾರ್ಡು ಹಿಡಿದುಕೊಂಡು ಎದ್ದು ನಿಂತಳು.

ಮಧ್ಯಾಹ್ನದ ಮೇಲೆ ಒಂದು ಟ್ರ್ಯಾಕ್ಟರು ಬಂದು ಎಳೆಯಿತು. ಆಸ್ಪತ್ರೆಯವರು ಸರದಿ ಬದಲಿಸಿ ಸಂಜೆಗೆ ಮಲಗಿಸಿಕೊಂಡರು. ನೆನೆದ ಮೈಗೆ ಜ್ವರ ಬಂತು, ಜ್ವರ ಎದೆಗೆ ಇಳಿಯಿತು. ಆ ತಿಂಗಳು ಮುಗಿಯುವ ಮೊದಲೇ ಅತ್ತಿಗೆ ಹೋಗಿಬಿಟ್ಟಳು.

ಡಾಕ್ಟರು ತಾಳಣ್ಣನನ್ನು ಕೂರಿಸಿಕೊಂಡು ಹೇಳಿದರು, ಹೃದಯ ಮೊದಲಿನಿಂದಲೂ ಸೋತಿತ್ತು, ಆ ಒಂದು ದಿನದಿಂದ ಆದದ್ದಲ್ಲ ಎಂದು. ಒಳ್ಳೆಯವರು. ನಾನೂ ಅದನ್ನೇ ಹೇಳಿದೆ. ನಾನು ಹೇಳುವ ರೀತಿ ನಿಮಗೆ ಗೊತ್ತೇ ಇದೆ, ಸವೆದ ಗೇರನ್ನೂ ಹೊಸದೆಂದು ನಂಬಿಸಬಲ್ಲೆ. ಅವನು ಎಲ್ಲಾ ಕೇಳಿಸಿಕೊಂಡು "ತಾಳು" ಅಂದ. ಹೊರಗೆ ಹೋಗಿ ಆಕಾಶ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದ.

"ಮೂವತ್ತು ವರ್ಷ ನಾನು ಉರುಳಿಲ್ಲ ಅಂದ್ಕೊಂಡಿದ್ದೆ ಸಾಹುಕಾರ. ಉರುಳೋದಕ್ಕೆ ಅವಳು ಬಿಟ್ಟಿರಲಿಲ್ಲ."

ಆಮೇಲೆ ಕೇಳಿದ: "ಆ ಹಳೇ ಜೋಡಿ ಇದೆಯಾ?"

ಇರಲಿಲ್ಲ. ಕೈಯಲ್ಲಿ ತಿರುಗಿಸುವ ಒಳ್ಳೆ ಜೋಡಿ ಸಿಗುವುದೇ ಅಪರೂಪ, ಮೇಜಿನ ಮೇಲಿಟ್ಟರೆ ನಿಲ್ಲುವುದಿಲ್ಲ. ಅವರು ಆಕ್ಸಲ್ ಹಾಕಿಸಿಕೊಂಡ ವಾರವೇ, ದೂರದ ಕಡೆಯಿಂದ ಬಂದ ಒಬ್ಬ ಗಿರಾಕಿ ಕೊಂಡುಹೋಗಿದ್ದ. ಯಾವ ಊರು ಎಂದು ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಚುಕ್ಕೆ ನೋಡಿ, "ಇದ್ಯಾರೋ ಗುರುತು ಮಾಡಿದ್ದಾರೆ, ಒಳ್ಳೆದೇ ಆಯ್ತು" ಅಂದಿದ್ದ. ಅದಷ್ಟೇ ನೆನಪಿದೆ.

ಅಟ್ಟದಿಂದ ನನ್ನಲ್ಲಿದ್ದ ಎಡಗಡೆಯ ಹಬ್‌ಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟೆ. ತಾಳಣ್ಣ ಒಂದೊಂದರ ಮುಖದ ಮೇಲೂ ಹೆಬ್ಬೆರಳು ಆಡಿಸಿದ. ಯಾವುದನ್ನೂ ಕಿವಿಯ ಹತ್ತಿರ ಹಿಡಿಯಲಿಲ್ಲ. ಕೊನೆಗೆ ಹತ್ತಿರವಿದ್ದ ಒಂದನ್ನು ತೆಗೆದುಕೊಂಡ, ಜೊತೆಗೆ ಒಂದು ಬಲಗಡೆಯದು. ನುಣ್ಣನೆ ಮುಚ್ಚಳದವನ್ನು ಬಿಚ್ಚಿ ಇವನ್ನು ಕೂರಿಸಿದ. ಈ ಸಲ ನನ್ನನ್ನು ಏನೂ ಹಿಡಿ ಅನ್ನಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೇಲಕ್ಕೆ ಸಿಮೆಂಟು ಹೋಗಬೇಕು, ಬರ್ತೀಯಾ?" ಅಂದ. ಅಂಗಡಿ ಮುಚ್ಚಿ ಹೊರಟೆ. ಅವಳ ಸೀಟಿನಲ್ಲಿ ಕೂತೆ. ಸೀಟು ಅವಳ ಅಳತೆಗೆ ತಗ್ಗಾಗಿತ್ತು, ನನ್ನ ಅಳತೆಗೆ ಸಾಲಲಿಲ್ಲ.

ತಗ್ಗಿನಲ್ಲಿ, ವಾಲಿದ ಕಂಬದ ಹತ್ತಿರ ಲಾರಿ ನಿಂತಿತು. ಅವನು ಇಳಿದು ಬಲಗಡೆಗೆ ಹೋದ. ನಾನು ಹೊರಗೆ ನೋಡುತ್ತಾ ಕೂತಿದ್ದೆ.

"ಬಿತ್ತಾ?" ಅಂತ ಕೇಳಿಸಿತು.

ಅಭ್ಯಾಸಬಲದಿಂದ ಅಂದದ್ದು. ಅಂದ ಮೇಲೆ ಅವನು ಅಲ್ಲೇ ನಿಂತ. ಬಾನೆಟ್ಟಿನ ಮೇಲೆ ಅವನ ತಲೆಯ ಬೆಳ್ಳನೆ ಭಾಗ ಮಾತ್ರ ಕಾಣುತ್ತಿತ್ತು, ಅಲುಗಾಡಲಿಲ್ಲ. ಮಳೆನೀರು ಎಲ್ಲೋ ಹರಿಯುತ್ತಿತ್ತು.

ಬಾಗಿಲು ತೆಗೆದು ಇಳಿದೆ. ಅಂಗಡಿಗೆ ಹಾಕುವ ಒಳ್ಳೆ ಬೂಟು, ಕಣಕಾಲಿನವರೆಗೆ ಮುಳುಗಿತು. ಬಿಲ್ಲೆ ತಿರುಗಿಸಿದೆ, ಗಟ್ಟಿಯಿತ್ತು. ಎರಡೂ ಕೈಯಲ್ಲಿ ತಿರುಗಿಸಿದೆ. ಬಿದ್ದಿತೋ ಇಲ್ಲವೋ ಗೊತ್ತಾಗಲಿಲ್ಲ, ಗುರುತೇ ಇರಲಿಲ್ಲ.

"ಬಿತ್ತು ಅಣ್ಣಾ" ಅಂದೆ.

ಅವನು ಸುತ್ತಿ ಬಂದು, ನನ್ನ ಪಕ್ಕ ಕುಕ್ಕರಿಸಿ, ಬಿಲ್ಲೆಯನ್ನು ಮುಟ್ಟಿ ನೋಡಿದ. ಇನ್ನೊಂದು ಎಳೆಯಷ್ಟು ತಿರುಗಿಸಿದ. ಆಗ ಬಿತ್ತು.

"ಅವಳು ಹೇಳಿದ್ರೆ ಬಂದು ನೋಡ್ತಿರಲಿಲ್ಲ" ಅಂದ. ಬೇಜಾರು ಮಾಡಿಕೊಳ್ಳಬೇಡ ಎನ್ನುವ ಹಾಗೆ ನನ್ನ ಭುಜ ತಟ್ಟಿ ಹತ್ತಿಕೊಂಡ.

ನಾನು ಸೀಟಿನ ಕೆಳಗೆ ಕೈಹಾಕಿ ಮರದ ತುಂಡು ಎಳೆದುಕೊಂಡೆ. ನಾನಂದುಕೊಂಡದ್ದಕ್ಕಿಂತ ಬಹಳ ಭಾರ. ಒಂದು ಅಂಚಿನಲ್ಲಿ ಹಿಡಿದು ಹಿಡಿದು ಬೆರಳಿನ ಆಕಾರಕ್ಕೆ ಸವೆದು ಹೋಗಿತ್ತು, ಸಣ್ಣ ಬೆರಳುಗಳು. ಅದನ್ನು ಹೊತ್ತು ಲಾರಿಯ ಹಿಂದೆ ನಡೆದೆ. ದಡದ ಮೇಲ್ಭಾಗದಲ್ಲಿ ಎಂಜಿನ್ನು ಉಸಿರು ಎಳೆದುಕೊಂಡಿತು, ನಾನು ತುಂಡನ್ನು ಚಕ್ರಕ್ಕೆ ಅಡ್ಡ ಕೊಟ್ಟೆ. ಲಾರಿ ಅದರ ಮೇಲೆ ಬೆನ್ನು ಕೊಟ್ಟಿತು. ಹೊರಡಲಿಲ್ಲ. ಎಂಜಿನ್ನು ಓಡುತ್ತಲೇ ಇತ್ತು, ಲಾರಿ ನಿಂತೇ ಇತ್ತು. ಮುಂದೆ ಹೋಗಿ ನೋಡುವುದೋ ಬೇಡವೋ ತಿಳಿಯದೆ ನಾನು ಹಿಂದೆಯೇ ನಿಂತೆ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ನಾನು ತಲೆ ತಗ್ಗಿಸಿಕೊಂಡೆ.

ಈಗಲೂ ಅವನು ಸಿಮೆಂಟು, ಸಿಲಿಂಡರು ಹೊರುತ್ತಾನೆ. ಒಬ್ಬನೇ ಬಲಗಡೆಯದು ತಿರುಗಿಸಿ, ಸುತ್ತಿ ಬಂದು ಎಡಗಡೆಯದು ತಿರುಗಿಸುತ್ತಾನೆ. ಹಿಂದೆ ನಡೆಯಲು ಒಬ್ಬ ಆಳು ಇಟ್ಟುಕೋ ಅಂದರೆ "ತಾಳು" ಅನ್ನುತ್ತಾನೆ. ಬಿಡುವಿದ್ದ ದಿನ ನಾನೇ ಹೋಗುತ್ತೇನೆ. ಬೂಟು ಬದಲಾಯಿಸಿದ್ದೇನೆ.

ರಸ್ತೆ ಬದಿಯಲ್ಲಿ ಹಳೆ ಫೋರ್ ವೀಲ್ ಗಾಡಿ ಯಾವುದು ನಿಂತಿದ್ದರೂ ನಾನು ಸುಮ್ಮನೆ ದಾಟಿ ಹೋಗಲಾರೆ. ಎಡಗಡೆಯ ಮುಂದಿನ ಚಕ್ರದ ಹತ್ತಿರ ಕುಕ್ಕರಿಸಿ, ಕರವಸ್ತ್ರದಲ್ಲಿ ಕೆಸರು ಒರೆಸಿ ನೋಡುತ್ತೇನೆ. ಗಾಡಿಯವರು ಓಡಿ ಬಂದು, "ಏನು ಸಾಹುಕಾರ್ರೇ, ಕೊಳ್ತೀರಾ?" ಅನ್ನುತ್ತಾರೆ. ಇಲ್ಲಪ್ಪಾ, ಸುಮ್ಮನೆ ನೋಡಿದೆ ಅನ್ನುತ್ತೇನೆ. ಬೆಲೆ ಇಳಿಸುವ ಉಪಾಯ ಎಂದುಕೊಂಡು ಅವರು ನಗುತ್ತಾರೆ.

ಅಂಗಡಿಯ ಲೆಕ್ಕದಲ್ಲಿ ನಮ್ಮಿಬ್ಬರ ನಡುವೆ ಏನೂ ಬಾಕಿ ಇಲ್ಲ. ಹಳೆಯದು ಕೊಟ್ಟ, ಬದಲಿಗೆ ಬೇರೆಯದು ತೆಗೆದುಕೊಂಡ, ವ್ಯಾಪಾರ ಮುಗಿಯಿತು. ಆದರೂ ತಾಳಣ್ಣನಿಗೆ ನಾನು ಒಂದು ಎಡಗಡೆಯ ಹಬ್ ಕೊಡಬೇಕು, ಕೆಂಪು ಉಗುರುಬಣ್ಣದ ಚುಕ್ಕೆ ಇರುವುದು. ಇನ್ನೂ ಕೊಟ್ಟಿಲ್ಲ.